ಬೆಟಗೇರಿಯ ಮನೆ ಕಂಪ್ಯೂಟರಿಗೆ ನಂಬಿಕೆಯ ಎಸ್‌ಎಸ್‌ಡಿ ಹುಡುಕಿದ್ದು

ಎಸ್‌ಎಸ್‌ಡಿ, ಅಂದರೆ ಹಾರ್ಡ್ ಡಿಸ್ಕಿನ ಬದಲು ಫೈಲ್ ಇಡಲು ಹಾಕುವ, ತಿರುಗುವ ಭಾಗ ಇಲ್ಲದ ಡ್ರೈವ್ ಬೇಕು ಅಂತ ಅಂಗಡಿಗೆ ಹೋದರೆ ಮೊದಲು ಬರುವ ಪ್ರಶ್ನೆ ಎರಡೇ. ಎಷ್ಟು ಜಿಬಿ? ಬಜೆಟ್ ಎಷ್ಟು? ಆಮೇಲೆ ಡಬ್ಬಿ ಮೇಲೆ ದೊಡ್ಡದಾಗಿ ಅಚ್ಚಾದ ಸ್ಪೀಡಿನ ಅಂಕಿ ತೋರಿಸುತ್ತಾರೆ. ನನಗೆ ಬೇಕಾಗಿದ್ದ ಉತ್ತರ ಬೇರೆ. ಇದರಲ್ಲಿಟ್ಟ ಕೆಲಸ ಎಷ್ಟು ವರ್ಷ ಸುರಕ್ಷಿತವಾಗಿರುತ್ತದೆ? ಡಬ್ಬಿ ಮೇಲೆ ಆ ಉತ್ತರ ಇರಲಿಲ್ಲ. ಅದನ್ನು ಹುಡುಕಿದ ದಾರಿಯನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ನಮ್ಮ ಗದಗ-ಬೆಟಗೇರಿ ಕಡೆ ಹಳೇ ಡೆಸ್ಕ್‌ಟಾಪ್ ಇಟ್ಟುಕೊಂಡು ಮನೆಯಲ್ಲೇ ದುಡಿಯುವವರು ಬಹಳ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ.

ನನ್ನದು ಡಿಟಿಪಿ ಕೆಲಸ. ಗದಗನ್ನು ಮುದ್ರಣ ಕಾಶಿ ಅಂತ ಕರೆಯುತ್ತಾರಲ್ವಾ, ಇಲ್ಲಿನ ಪ್ರೆಸ್‌ಗಳಿಗೆ ಮನೆಯಿಂದಲೇ ಪುಟ ಕಟ್ಟಿ ಕೊಡುತ್ತೇನೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಗಳ ಸ್ಮರಣ ಸಂಚಿಕೆ, ಆಗಾಗ ಒಂದು ಕವನ ಸಂಕಲನ. ಒಂದು ಸಂಚಿಕೆಯ ಫೈಲ್ ಹೋಯಿತು ಅಂದರೆ ಬರೀ ನನ್ನ ದುಡಿಮೆ ಹೋಗುವುದಿಲ್ಲ. ಊರಿನ ಹಿರಿಯರೊಬ್ಬರು ಕೈಬರಹದಲ್ಲಿ ಕೊಟ್ಟ ಲೇಖನ, ಅವರ ತಿದ್ದುಪಡಿ, ಹಳೇ ಫೋಟೋಗಳ ಸ್ಕ್ಯಾನ್ ಎಲ್ಲಾ ಹೋಗುತ್ತವೆ. ಫೋಟೋ ವಾಪಸ್ ಕೊಟ್ಟಿರುತ್ತೇವೆ, ಮತ್ತೆ ಕೇಳಲು ಆಗುವುದಿಲ್ಲ.

ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಆಗಲೇ ಸುಸ್ತಾಗಿತ್ತು. ಫೈಲ್ ತೆರೆಯುವಾಗ ನಡುವೆ ನಿಲ್ಲುತ್ತಿತ್ತು, ಒಳಗೆ ಟಕ್ ಟಕ್ ಸಪ್ಪಳ ಬೇರೆ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ. ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕವನ್ನು ಅದು ತೋರಿಸುತ್ತದೆ. ಆ ಲೆಕ್ಕಕ್ಕೆ ಸ್ಮಾರ್ಟ್ ಅನ್ನುತ್ತಾರೆ. ನಮ್ಮದಕ್ಕೆ ಹಳದಿ ಬಣ್ಣದಲ್ಲಿ ‘ಕಾಷನ್’ ಅಂತ ಬಂತು. ಪೆಂಡಿಂಗ್ ಸೆಕ್ಟರ್ ಅನ್ನುವ ಸಾಲಿನ ಅಂಕಿ ಏರುತ್ತಿತ್ತು. ಅಂದರೆ ಡಿಸ್ಕಿಗೆ ಕೆಲವು ಜಾಗ ಓದಲು ಆಗುತ್ತಿಲ್ಲ. ಅವತ್ತೇ ಕೆಲಸದ ಫೈಲ್ ಎಲ್ಲಾ ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದೆ. ಇದು ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ. ಹೊಸ ಡ್ರೈವ್ ಆರಿಸುವುದು ನಿಧಾನವಾಗಿ ಆದರೂ ನಡೆಯುತ್ತದೆ.

ಅಕ್ಕನ ಮಗ ಹುಬ್ಬಳ್ಳಿ ವಿದ್ಯಾನಗರದಲ್ಲಿ ಇದ್ದುಕೊಂಡು ಇಂಜಿನಿಯರಿಂಗ್ ಓದುತ್ತಾನೆ. ಅವನಿಗೆ ಫೋನ್ ಹಚ್ಚಿದೆ. ಯಾವ ಕಂಪನಿ ಚಲೋ ಅಂತ ಕೇಳಿದರೆ ಅವನು ಹೆಸರೇ ಹೇಳಲಿಲ್ಲ.

‘ಮಾಮಾ, ಮೊದ್ಲ ಕ್ಯಾಬಿನೆಟ್ ತಗದು ಮದರ್‌ಬೋರ್ಡ್ ಯಾವ್ದು ನೋಡ್ರಿ. ಎಂ.2 ಸ್ಲಾಟ್ ಐತೋ ಇಲ್ಲೋ ಗೊತ್ತಾಗ್ಲಿ. ಕಂಪನಿ ಮಾತು ಆಮ್ಯಾಲ.’

ಅವನು ಹೇಳಿದ್ದು ಸರಿ. ಎಸ್‌ಎಸ್‌ಡಿಗಳಲ್ಲಿ ಮುಖ್ಯವಾಗಿ ಎರಡು ಆಕಾರ. ಒಂದು, ಲ್ಯಾಪ್‌ಟಾಪಿನ ಹಳೇ ಹಾರ್ಡ್ ಡಿಸ್ಕಿನಷ್ಟೇ ಇರುವ ಎರಡೂವರೆ ಇಂಚಿನ ಚಪ್ಪಟೆ ಡಬ್ಬಿ. ಅದು ಸಾಟಾ ಕೇಬಲ್, ಅಂದರೆ ಹಾರ್ಡ್ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಅದೇ ಕೇಬಲ್ ಮೂಲಕ ಕೂಡುತ್ತದೆ. ಇನ್ನೊಂದು ಎಂ.2. ಅದು ಸಣ್ಣ ಪಟ್ಟಿ, ನೇರ ಮದರ್‌ಬೋರ್ಡಿನ ಸ್ಲಾಟಿಗೇ ಸಿಕ್ಕಿಸುವುದು. ನಮ್ಮ ಕಂಪ್ಯೂಟರ್ ಇಂಟೆಲ್‌ನ ನಾಲ್ಕನೇ ತಲೆಮಾರಿನ ಐ3. ಬೋರ್ಡಿನ ಚಿಪ್‌ಸೆಟ್ ಎಚ್81. ಎಂ.2 ಸ್ಲಾಟ್ ಇಲ್ಲವೇ ಇಲ್ಲ. ಅಲ್ಲಿಗೆ ಅರ್ಧ ಮಾರ್ಕೆಟ್ ನಮ್ಮ ಲೆಕ್ಕದಿಂದ ಹೊರಗೆ ಹೋಯಿತು. ಅದೂ ಒಂದು ಅನುಕೂಲವೇ.

ಸ್ಪೀಡಿನ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದುತ್ತದೆ. ಅದಕ್ಕಿಂತ ಹೆಚ್ಚು ಆ ಕೇಬಲ್‌ನಲ್ಲಿ ಹೋಗುವುದಿಲ್ಲ. ಎನ್‌ವಿಎಂಇ ಅಂತ ಎಂ.2 ಸ್ಲಾಟಿಗೆ ಬರುವ ಹೆಚ್ಚು ವೇಗದ ಬಗೆ ಇದೆ, ಅದು ಪಿಸಿಐಇ ಅನ್ನುವ ಮದರ್‌ಬೋರ್ಡಿನ ವೇಗದ ದಾರಿಯಲ್ಲಿ ಓಡುತ್ತದೆ. ಅದು ಮೂರನೇ ತಲೆಮಾರಿನ ಪಿಸಿಐಇಯಲ್ಲಿ 3,500, ನಾಲ್ಕನೆಯದರಲ್ಲಿ 7,000 ಎಂಬಿವರೆಗೂ ಹೋಗುತ್ತದೆ. ಇದನ್ನು ಕೇಳಿ ‘ಹಳೇ ಕಂಪ್ಯೂಟರಿಗೆ ಎಸ್‌ಎಸ್‌ಡಿ ಹಾಕಿ ಏನು ಬಂತು’ ಅಂತ ಬೇಸರ ಮಾಡಿಕೊಳ್ಳಬೇಡಿ. ಹಾರ್ಡ್ ಡಿಸ್ಕ್ ನಿಧಾನ ಆಗುವುದು ಬೇರೆ ಕಾರಣಕ್ಕೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಅದರ ಮೇಲೆ ಓದುವ ತಲೆ ಸರಿದು ಸರಿಯಾದ ಜಾಗಕ್ಕೆ ಹೋಗಬೇಕು. ಹೀಗೆ ಒಂದೊಂದು ಸಣ್ಣ ಫೈಲಿಗೂ ಹತ್ತು-ಹನ್ನೆರಡು ಮಿಲಿಸೆಕೆಂಡ್ ಹೋಗುತ್ತದೆ. ವಿಂಡೋಸ್ ಶುರು ಆಗುವಾಗ ಇಂಥ ಸಾವಿರಾರು ಸಣ್ಣ ಓದು ನಡೆಯುತ್ತವೆ. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಆ ಕಾಯುವಿಕೆ ಹೋಗುವುದೇ ದೊಡ್ಡ ಲಾಭ, ಅದು ಸಾಟಾದಲ್ಲೂ ಪೂರ್ತಿ ಸಿಗುತ್ತದೆ. ಪುಟ ಕಟ್ಟುವ ಕೆಲಸಕ್ಕೆ 550 ಆದರೇನು, 3,500 ಆದರೇನು, ಕೈಗೆ ವ್ಯತ್ಯಾಸ ಗೊತ್ತಾಗುವುದು ಬಹಳ ಕಮ್ಮಿ.

ಹಾಗಾಗಿ ಸ್ಪೀಡನ್ನು ಪಕ್ಕಕ್ಕೆ ಇಟ್ಟೆ. ಒಳಗೆ ಏನಿದೆ ಅನ್ನುವುದನ್ನು ಕೆಲವು ಸಂಜೆ ಕೂತು ಓದಿದೆ.

ಎಸ್‌ಎಸ್‌ಡಿಯ ಒಳಗಿರುವುದು ನ್ಯಾಂಡ್ ಫ್ಲ್ಯಾಶ್. ಜಪಾನಿನ ತೊಷಿಬಾದಲ್ಲಿ ಕೆಲಸ ಮಾಡುತ್ತಿದ್ದ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಕಂಡುಹಿಡಿದದ್ದು. ಅದರ ಒಂದೊಂದು ಸೆಲ್ ಸ್ವಲ್ಪ ವಿದ್ಯುತ್ ಚಾರ್ಜ್ ಹಿಡಿದಿಟ್ಟುಕೊಳ್ಳುತ್ತದೆ. ಎಷ್ಟು ಚಾರ್ಜ್ ಇದೆ ಅಂತ ಅಳೆದರೆ ಅದೇ ನಮ್ಮ ಮಾಹಿತಿ. ಒಂದು ಸೆಲ್‌ನಲ್ಲಿ ಒಂದೇ ಬಿಟ್ (ಒಂದು ಸೊನ್ನೆ ಅಥವಾ ಒಂದು) ಇಟ್ಟರೆ ಎಸ್‌ಎಲ್‌ಸಿ, ಎರಡಾದರೆ ಎಂಎಲ್‌ಸಿ, ಮೂರಾದರೆ ಟಿಎಲ್‌ಸಿ, ನಾಲ್ಕಾದರೆ ಕ್ಯೂಎಲ್‌ಸಿ. ಒಂದು ಲೋಟದಲ್ಲಿ ನೀರು ಇದೆಯೋ ಇಲ್ಲವೋ ಅಂತ ಹೇಳುವುದು ಸುಲಭ. ಅದೇ ಲೋಟಕ್ಕೆ ಹದಿನಾರು ಗೆರೆ ಎಳೆದು, ನೀರು ಯಾವ ಗೆರೆಗೆ ಇದೆ ಹೇಳು ಅಂದರೆ ಸ್ವಲ್ಪ ಆರಿದರೂ ಲೆಕ್ಕ ತಪ್ಪುತ್ತದೆ. ಟಿಎಲ್‌ಸಿಗೆ 8 ಗೆರೆ, ಕ್ಯೂಎಲ್‌ಸಿಗೆ 16 ಗೆರೆ. ಅದಕ್ಕೇ ಕ್ಯೂಎಲ್‌ಸಿ ಅಗ್ಗ, ಅದಕ್ಕೇ ಅದರ ಬಾಳಿಕೆಯೂ ಕಮ್ಮಿ.

ಇನ್ನೊಂದು ತೊಂದರೆ ನನ್ನಂಥವರಿಗೆ ನೇರ ತಟ್ಟುತ್ತದೆ. ಟಿಎಲ್‌ಸಿ, ಕ್ಯೂಎಲ್‌ಸಿ ಡ್ರೈವ್‌ಗಳು ತಮ್ಮ ಸ್ವಲ್ಪ ಜಾಗವನ್ನು ತಾತ್ಕಾಲಿಕವಾಗಿ ಎಸ್‌ಎಲ್‌ಸಿ ರೀತಿ ಬಳಸುತ್ತವೆ. ಬರೆದದ್ದು ಮೊದಲು ಅಲ್ಲಿ ಬೀಳುತ್ತದೆ, ಆಮೇಲೆ ಒಳಗೆ ಹೋಗುತ್ತದೆ. ಡಬ್ಬಿ ಮೇಲಿನ ಬರೆಯುವ ಸ್ಪೀಡ್ ಆ ಜಾಗದ್ದು. ಅದು ತುಂಬಿತು ಅಂದರೆ ನಿಜವಾದ ವೇಗ ಹೊರಗೆ ಬರುತ್ತದೆ. ಸ್ಯಾಮ್ಸಂಗ್ 870 ಕ್ಯೂವಿಒ 1 ಟಿಬಿ ಮಾದರಿಯಲ್ಲಿ ಆ ಜಾಗ 42 ಜಿಬಿ. ಅದು ಮುಗಿದ ಮೇಲೆ ಸೆಕೆಂಡಿಗೆ 80 ಎಂಬಿ. ಕಂಪನಿಯೇ ತನ್ನ ಹಾಳೆಯಲ್ಲಿ ಇದನ್ನು ಬರೆದಿದೆ, ಮುಚ್ಚಿಟ್ಟಿಲ್ಲ. ಅದು ಮೆಚ್ಚಬೇಕಾದದ್ದೇ. ಆದರೆ ವರ್ಷದ ಸ್ಕ್ಯಾನ್ ಫೈಲ್‌ಗಳನ್ನು ಒಟ್ಟಿಗೆ ಕಾಪಿ ಮಾಡುವ ನನಗೆ ಅದು ಹೊಂದುವುದಿಲ್ಲ. ಟಿಎಲ್‌ಸಿಯೇ ಬೇಕು ಅಂತ ತೀರ್ಮಾನ ಮಾಡಿದೆ.

ಮುಂದಿನದು ಡಿರ್ಯಾಮ್, ಅಂದರೆ ಬಹಳ ಬೇಗ ಓದಿ ಬರೆಯುವ ತಾತ್ಕಾಲಿಕ ಮೆಮೊರಿ. ಹಳೇ ಕಂಪ್ಯೂಟರ್ ಇಟ್ಟುಕೊಂಡವರು ಇದನ್ನು ಗಮನ ಕೊಟ್ಟು ಓದಬೇಕು. ಎಸ್‌ಎಸ್‌ಡಿಯಲ್ಲಿ ಯಾವ ಫೈಲಿನ ಯಾವ ತುಂಡು ಯಾವ ಸೆಲ್‌ನಲ್ಲಿ ಇದೆ ಅನ್ನುವುದಕ್ಕೆ ಒಂದು ಪಟ್ಟಿ ಇರುತ್ತದೆ. ಸೆಲ್‌ಗಳು ಸಮನಾಗಿ ಸವೆಯಲಿ ಅಂತ ಕಂಟ್ರೋಲರ್, ಅಂದರೆ ಡ್ರೈವನ್ನು ನಡೆಸುವ ಚಿಪ್, ಮಾಹಿತಿಯನ್ನು ಸದಾ ಆಚೆ ಈಚೆ ಸರಿಸುತ್ತಿರುತ್ತದೆ. ಹಾಗಾಗಿ ಆ ಪಟ್ಟಿ ಪ್ರತಿ ಕ್ಷಣ ಬದಲಾಗುತ್ತದೆ. ಒಳ್ಳೆ ಡ್ರೈವ್‌ಗಳಲ್ಲಿ ಪಟ್ಟಿ ಇಡಲು ಬೇರೆ ಡಿರ್ಯಾಮ್ ಚಿಪ್ ಇರುತ್ತದೆ, ಸಾಮಾನ್ಯವಾಗಿ 1 ಟಿಬಿಗೆ 1 ಜಿಬಿ ಲೆಕ್ಕ. ಅಗ್ಗದ ಡ್ರೈವ್‌ಗಳಲ್ಲಿ ಆ ಚಿಪ್ ತೆಗೆದಿರುತ್ತಾರೆ. ಆಗ ಪಟ್ಟಿಯ ಹೆಚ್ಚಿನ ಭಾಗವನ್ನು ಫ್ಲ್ಯಾಶ್‌ನಿಂದಲೇ ಓದಿ ಫ್ಲ್ಯಾಶ್‌ಗೇ ಬರೆಯಬೇಕು. ನಿಧಾನವೂ ಹೌದು, ಸವೆತವೂ ಹೌದು.

ಎನ್‌ವಿಎಂಇ ಡ್ರೈವ್‌ಗಳಿಗೆ ಇದಕ್ಕೊಂದು ದಾರಿ ಇದೆ. ಹೋಸ್ಟ್ ಮೆಮೊರಿ ಬಫರ್ ಅಂತ. ಕಂಪ್ಯೂಟರಿನ ರ‍್ಯಾಮ್‌ನಲ್ಲೇ ಸ್ವಲ್ಪ ಜಾಗ ಎರವಲು ತೆಗೆದುಕೊಳ್ಳುತ್ತವೆ. ಸಾಟಾ ಡ್ರೈವ್‌ಗಳಿಗೆ ಆ ದಾರಿ ಇಲ್ಲ. ಆದ್ದರಿಂದ ‘ಡಿರ್ಯಾಮ್ ಇಲ್ಲದಿದ್ದರೂ ನಡೆಯುತ್ತದೆ’ ಅನ್ನುವ ಮಾತು ಹೊಸ ಲ್ಯಾಪ್‌ಟಾಪಿನ ಎನ್‌ವಿಎಂಇಗೆ ಸರಿ. ನಮ್ಮಂಥ ಹಳೇ ಸಾಟಾ ಕಂಪ್ಯೂಟರಿಗೆ ಸರಿ ಅಲ್ಲ. ಹಳೇ ಮಷಿನ್‌ಗೆ ಅಗ್ಗದ್ದು ಸಾಕು ಅಂತ ಎಲ್ಲರೂ ಹೇಳುತ್ತಾರಲ್ಲ, ಇಲ್ಲಿ ಅದು ಉಲ್ಟಾ. ಕ್ರೂಶಿಯಲ್ ಬಿಎಕ್ಸ್500, ಕಿಂಗ್‌ಸ್ಟನ್ ಎ400 ಎರಡರಲ್ಲೂ ಡಿರ್ಯಾಮ್ ಇಲ್ಲ. ಕ್ರೂಶಿಯಲ್ ಎಂಎಕ್ಸ್500, ಸ್ಯಾಮ್ಸಂಗ್ 870 ಇವಿಒ, ಇವೆರಡರಲ್ಲೂ ಇದೆ. ನನ್ನ ಪಟ್ಟಿ ಇವೆರಡಕ್ಕೆ ಇಳಿಯಿತು.

ಟಿಬಿಡಬ್ಲ್ಯೂ ಅನ್ನುವ ಅಂಕಿಯ ಮೇಲೆ ನಾನು ಬಹಳ ಹೊತ್ತು ಕೂತೆ. ಡ್ರೈವ್ ಮೇಲೆ ಒಟ್ಟು ಎಷ್ಟು ಟೆರಾಬೈಟ್ ಬರೆಯುವವರೆಗೆ ವಾರಂಟಿ ಅನ್ನುವ ಲೆಕ್ಕ ಅದು. 500 ಜಿಬಿಯ 870 ಇವಿಒಗೆ 300, ಎಂಎಕ್ಸ್500ಗೆ 180. ಎರಡಕ್ಕೂ ವಾರಂಟಿ 5 ವರ್ಷ. 480 ಜಿಬಿಯ ಎ400ಗೆ 160, ಬಿಎಕ್ಸ್500ಗೆ 120. ಇವೆರಡಕ್ಕೂ ವಾರಂಟಿ 3 ವರ್ಷ. ವರ್ಷ ಅಥವಾ ಟಿಬಿಡಬ್ಲ್ಯೂ, ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು.

ಈಗ ಲೆಕ್ಕ ಹಾಕಿ ನೋಡಿ. ದಿನಕ್ಕೆ 20 ಜಿಬಿ ಬರೆದೆ ಅಂತ ಇಟ್ಟುಕೊಳ್ಳೋಣ, ನನ್ನ ಕೆಲಸಕ್ಕೆ ಅದು ಜಾಸ್ತಿಯೇ ಆಯಿತು. 180 ಟೆರಾಬೈಟ್ ಮುಗಿಯಲು 9,000 ದಿನ ಬೇಕು, ಅಂದರೆ 24 ವರ್ಷದ ಮೇಲೆ. 300 ಮುಗಿಯಲು 41 ವರ್ಷ. ಅಷ್ಟು ಹೊತ್ತಿಗೆ ಈ ಕಂಪ್ಯೂಟರೇ ಇರುವುದಿಲ್ಲ. ಹಾಗಾದರೆ ಮನೆ ಕಂಪ್ಯೂಟರಿನ ಎಸ್‌ಎಸ್‌ಡಿ ಬರೆದು ಬರೆದು ಸವೆದು ಸಾಯುವುದು ಅಪರೂಪ. ಅದು ಕೈಕೊಡುವುದು ಬೇರೆ ಕಡೆ: ಕಂಟ್ರೋಲರ್ ಚಿಪ್, ಒಳಗಿನ ಫರ್ಮ್‌ವೇರ್, ಕರೆಂಟಿನ ಏರುಪೇರು.

ಫರ್ಮ್‌ವೇರ್ ಅಂದರೆ ಡ್ರೈವ್ ಒಳಗೆ ಓಡುವ ಸಾಫ್ಟ್‌ವೇರ್. ಅದರಲ್ಲಿ ತಪ್ಪು ಉಳಿದರೆ ಎಂಥ ದೊಡ್ಡ ಕಂಪನಿಯ ಡ್ರೈವೂ ನಿಲ್ಲುತ್ತದೆ. 2012ರಲ್ಲಿ ಕ್ರೂಶಿಯಲ್ ಎಂ4 ಡ್ರೈವ್‌ಗಳು 5,184 ಗಂಟೆ ಓಡಿದ ಮೇಲೆ ಪದೇ ಪದೇ ಕಾಣದಂತಾಗುತ್ತಿದ್ದವು. 2014ರಲ್ಲಿ ಸ್ಯಾಮ್ಸಂಗ್ 840 ಇವಿಒದಲ್ಲಿ ಹಳೇ ಫೈಲ್ ಓದುವುದು ತೀರಾ ನಿಧಾನ ಆಯಿತು. 2019ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ (ಎಚ್‌ಪಿಇ) ತನ್ನ ಸರ್ವರ್‌ಗಳ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಫರ್ಮ್‌ವೇರ್ ಹಾಕದಿದ್ದರೆ 32,768 ಗಂಟೆಗೆ, ಅಂದರೆ 3 ವರ್ಷ 270 ದಿನ 8 ಗಂಟೆಗೆ ಡ್ರೈವ್ ನಿಂತುಹೋಗುತ್ತದೆ, ಮಾಹಿತಿ ವಾಪಸ್ ಬರುವುದಿಲ್ಲ ಅಂತ. 2023ರ ಆರಂಭದಲ್ಲಿ ಸ್ಯಾಮ್ಸಂಗ್ 980 ಪ್ರೊ 2 ಟಿಬಿ ಡ್ರೈವ್‌ಗಳು ಓದಲು ಮಾತ್ರ ಆಗುವ ಸ್ಥಿತಿಗೆ ಹೋಗುತ್ತಿದ್ದ ಸುದ್ದಿ ಬಂತು. ಅದಕ್ಕೂ ಫರ್ಮ್‌ವೇರ್ ಬಂತು.

ಇದನ್ನೆಲ್ಲಾ ಓದಿದಾಗ ಮೊದಲು ಗಾಬರಿ ಆಯಿತು. ಯಾರನ್ನು ನಂಬುವುದು? ಯೋಚನೆ ಮಾಡಿದಂತೆ ಇನ್ನೊಂದು ಕಂಡಿತು. ಈ ತಪ್ಪುಗಳು ನಮಗೆ ಗೊತ್ತಾಗಿದ್ದು ಕಂಪನಿಗಳು ಒಪ್ಪಿಕೊಂಡು ತಿದ್ದಿದ ಫರ್ಮ್‌ವೇರ್ ಬಿಟ್ಟಿದ್ದರಿಂದ. ಹೆಸರೇ ಕೇಳದ ಬ್ರ್ಯಾಂಡಿನಲ್ಲಿ ಇಂಥ ತಪ್ಪು ಇದ್ದರೆ ಹೇಳುವವರು ಯಾರು? ತಿದ್ದುವವರು ಯಾರು? ಅದಕ್ಕೆ ನನ್ನ ಪಟ್ಟಿಗೆ ಒಂದು ಪ್ರಶ್ನೆ ಸೇರಿತು. ಈ ಕಂಪನಿ ಫರ್ಮ್‌ವೇರ್ ಕೊಡುತ್ತದೆಯಾ, ಹಾಕಲು ತನ್ನದೇ ಸಾಫ್ಟ್‌ವೇರ್ ಇಟ್ಟಿದೆಯಾ? ಸ್ಯಾಮ್ಸಂಗ್‌ಗೆ ಮೆಜಿಷಿಯನ್, ಕ್ರೂಶಿಯಲ್‌ಗೆ ಸ್ಟೋರೇಜ್ ಎಕ್ಸಿಕ್ಯೂಟಿವ್, ಕಿಂಗ್‌ಸ್ಟನ್‌ಗೆ ಎಸ್‌ಎಸ್‌ಡಿ ಮ್ಯಾನೇಜರ್.

ದೊಡ್ಡ ಕಂಪನಿ ಅಂತ ಕಣ್ಣು ಮುಚ್ಚಿಕೊಂಡೂ ಇರಲಾಗದು. 2021ರಲ್ಲಿ ಕ್ರೂಶಿಯಲ್ ಪಿ2 ಅನ್ನುವ ಡ್ರೈವಿನ ಒಳಗೆ ಟಿಎಲ್‌ಸಿ ಹೋಗಿ ಕ್ಯೂಎಲ್‌ಸಿ ಬಂದಿತ್ತು, ಹೆಸರು ಮಾತ್ರ ಅದೇ. ಅದೇ ವರ್ಷ ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್550ಯಲ್ಲೂ ಫ್ಲ್ಯಾಶ್ ಬದಲಾಗಿ ಬರೆಯುವ ವೇಗ ಇಳಿದಿತ್ತು. ಡ್ರೈವ್ ಬಂದ ಹೊಸದರಲ್ಲಿ ಬರೆದ ವಿಮರ್ಶೆ ಓದಿ, ವರ್ಷಗಳ ನಂತರ ಕೊಳ್ಳುವವರಿಗೆ ಇದು ಅನ್ಯಾಯ. ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಒಳಗೆ ಹಾಕಿದ್ದನ್ನು ಬದಲಿಸಿದರೆ ಹೆಸರನ್ನೂ ಬದಲಿಸಬೇಕು.

ಇಷ್ಟು ತಿಳಿದುಕೊಂಡ ಮೇಲೆ ರೈಲು ಹತ್ತಿ ಹುಬ್ಬಳ್ಳಿಗೆ ಹೋದೆ. ಗದಗಿನಲ್ಲೂ ಅಂಗಡಿ ಇವೆ, ಆದರೆ ಕೈಯಲ್ಲಿ ನಾಲ್ಕು ಮಾದರಿ ಹಿಡಿದು ನೋಡಿ ಆರಿಸಬೇಕು ಅನ್ನಿಸಿತ್ತು. ಅಳಿಯ ಸ್ಟೇಷನ್ನಿಗೇ ಬಂದಿದ್ದ. ಇಬ್ಬರೂ ಕೊಪ್ಪೀಕರ್ ರೋಡಿನ ಕಡೆ ನಡೆದೆವು.

ಮೊದಲ ಅಂಗಡಿಯಲ್ಲಿ ಹುಡುಗ ಒಂದು ಬಣ್ಣದ ಡಬ್ಬಿ ಮುಂದಿಟ್ಟ. ಹೆಸರು ನಾನು ಕೇಳಿರಲಿಲ್ಲ. 512 ಜಿಬಿ, ಬೆಲೆ ಬಹಳ ಕಮ್ಮಿ.

‘ಬಾಳ ಚಲೋ ಐತ್ರಿ ಸರ. ದಿನಾ ಹೋಗ್ತಾವು.’

‘ಒಳಗ ಟಿಎಲ್‌ಸಿ ಐತೋ ಕ್ಯೂಎಲ್‌ಸಿ ಐತೋ ಹೇಳ್ತೀರೇನ್ರಿ?’

‘ಅದನ್ನ ಕಂಪನಿಯವ್ರು ಬರಿಯೂದಿಲ್ರಿ ಸರ.’

‘ಡಿರ್ಯಾಮ್?’

‘ಅದೂ ಗೊತ್ತಿಲ್ರಿ. ಮೂರು ವರ್ಷ ವಾರಂಟಿ ಐತಲ್ರಿ, ಯಾಕ ಚಿಂತಿ ಮಾಡ್ತೀರಿ?’

‘ವಾರಂಟಿ ಕಂಪನಿ ಕೊಡ್ತೈತೋ, ನೀವ ಕೊಡ್ತೀರೋ?’

ಅವನು ಒಳಗೆ ಹೋಗಿ ಕೇಳಿಕೊಂಡು ಬಂದ. ಅವರಿಗೆ ಸರಕು ಕೊಡುವ ಡೀಲರ್ ಕೊಡುತ್ತಾರಂತೆ. ಆ ಡೀಲರ್ ನಾಳೆ ಈ ಬ್ರ್ಯಾಂಡ್ ಬಿಟ್ಟರೆ? ಹುಡುಗ ಸುಮ್ನೆ ನಕ್ಕ. ಅವನದೇನೂ ತಪ್ಪಿಲ್ಲ, ಅವನಿಗೆ ಕೊಟ್ಟದ್ದನ್ನು ಅವನು ಮಾರುತ್ತಾನೆ. ಆದರೆ ಏನು ಮಾರುತ್ತಿದ್ದೇವೆ ಅಂತ ಅಂಗಡಿಯವರಿಗೇ ಗೊತ್ತಿಲ್ಲದ ಸರಕನ್ನು ನನ್ನ ಕೆಲಸ ಇಡಲು ಕೊಳ್ಳಲಾರೆ.

ಇನ್ನೊಂದು ಅಂಗಡಿ ಸಣ್ಣದು. ಮಾಲೀಕರು ವಯಸ್ಸಾದವರು, ಸರ್ವಿಸ್ ಕೆಲಸವನ್ನೂ ಮಾಡುತ್ತಾರೆ. ಟೇಬಲ್ ತುಂಬ ಬಿಚ್ಚಿದ ಲ್ಯಾಪ್‌ಟಾಪ್. ನನ್ನ ಕೆಲಸ ಏನು ಅಂತ ಅವರೇ ಮೊದಲು ಕೇಳಿದರು. ಡಿಟಿಪಿ ಅಂದ ಕೂಡಲೇ ಕುರ್ಚಿ ಎಳೆದು ಕೊಟ್ಟರು. ರಿಪೇರಿಗೆ ಯಾವುದು ಜಾಸ್ತಿ ಬರುತ್ತದೆ ಅಂತ ಕೇಳಿದೆ.

‘ಹಾರ್ಡ್ ಡಿಸ್ಕ್ ಸಾಯೂಮುಂದ ಒದ್ದಾಡ್ತೈತ್ರಿ. ಸಪ್ಪಳ ಮಾಡ್ತೈತಿ, ನಿಮಗ ಟೈಮ್ ಕೊಡ್ತೈತಿ. ಎಸ್‌ಎಸ್‌ಡಿ ಹಂಗಲ್ರಿ. ನಿನ್ನೆ ಚಲೋ ಇರ್ತೈತಿ, ಇವತ್ತ ಬಯೋಸ್‌ನ್ಯಾಗ ಹೆಸರ ಇರೂದಿಲ್ಲ. ಡಾಟಾ ತಗದು ಕೊಡ್ರಿ ಅಂತಾರ. ಎಲ್ಲಿಂದ ತಗಿಯೂದ್ರಿ?’

ಬಯೋಸ್ ಅಂದರೆ ವಿಂಡೋಸಿಗೂ ಮೊದಲು ಶುರುವಾಗುವ, ಮದರ್‌ಬೋರ್ಡಿನದೇ ಸಾಫ್ಟ್‌ವೇರ್. ಅವರು ಹೇಳಿದ್ದಕ್ಕೆ ಕಾರಣ ಇದೆ. ಎಸ್‌ಎಸ್‌ಡಿಯಲ್ಲಿ ಒಂದೇ ಫೈಲಿನ ತುಂಡುಗಳು ಬೇರೆ ಬೇರೆ ಚಿಪ್‌ಗಳಲ್ಲಿ ಹರಡಿರುತ್ತವೆ. ಅವು ಎಲ್ಲಿವೆ ಅಂತ ಗೊತ್ತಿರುವುದು ಕಂಟ್ರೋಲರಿಗೆ ಮಾತ್ರ. ಹಲವು ಡ್ರೈವ್‌ಗಳಲ್ಲಿ ಕಂಟ್ರೋಲರ್ ಎಲ್ಲವನ್ನೂ ಎನ್‌ಕ್ರಿಪ್ಟ್ ಮಾಡಿಯೇ, ಅಂದರೆ ಗುಪ್ತಲಿಪಿಯಲ್ಲೇ ಬರೆಯುತ್ತದೆ. ಕಂಟ್ರೋಲರ್ ಹೋದರೆ ಚಿಪ್ ಕಿತ್ತು ಓದಿದರೂ ಅರ್ಥ ಆಗುವಂಥದ್ದು ಸಿಗುವುದಿಲ್ಲ. ಇನ್ನು ನಾವೇ ತಪ್ಪಿ ಅಳಿಸಿದ ಫೈಲ್: ವಿಂಡೋಸ್ ಟ್ರಿಮ್ ಅನ್ನುವ ಆದೇಶ ಕಳಿಸುತ್ತದೆ, ಡ್ರೈವ್ ಆ ಜಾಗವನ್ನು ಖಾಲಿ ಮಾಡಿಬಿಡುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೈಲ್ ವಾಪಸ್ ತರುತ್ತಿದ್ದ ಸಾಫ್ಟ್‌ವೇರ್‌ಗಳು ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಅವರ ಬಳಿ 870 ಇವಿಒ 500 ಜಿಬಿ ಇತ್ತು. ಎಂಎಕ್ಸ್500 ತರಿಸಬೇಕು ಅಂದರು. ನಾನು 870 ಇವಿಒ ತೆಗೆದುಕೊಂಡೆ. ಅದರಲ್ಲಿ 512 ಎಂಬಿ ಡಿರ್ಯಾಮ್ ಇದೆ. ಫ್ಲ್ಯಾಶ್ ಟಿಎಲ್‌ಸಿ, ಕಂಪನಿ ಅದನ್ನು 3-ಬಿಟ್ ಎಂಎಲ್‌ಸಿ ಅಂತ ಬರೆಯುತ್ತದೆ. ಹೆಸರಿಲ್ಲದ ಡ್ರೈವಿಗಿಂತ ಬೆಲೆ ಜಾಸ್ತಿಯೇ ಆಯಿತು. ಐದು ವರ್ಷಕ್ಕೆ ಹಂಚಿದರೆ ಆ ವ್ಯತ್ಯಾಸ ತಿಂಗಳಿಗೆ ಒಂದೆರಡು ಚಹಾದ ದುಡ್ಡು ಅಷ್ಟೇ.

500 ಅನ್ನುವ ಅಂಕಿಗೂ ಕಾರಣ ಇತ್ತು. ನನ್ನ ಹಳೇ ಡಿಸ್ಕ್ 500 ಜಿಬಿಯದ್ದು. ಹಳೆಯದನ್ನು ವಿಂಡೋಸ್ ಸಮೇತ ಇದ್ದ ಹಾಗೇ ನಕಲು, ಅಂದರೆ ಕ್ಲೋನ್ ಮಾಡಬೇಕು ಅಂದರೆ ಹೊಸದು ಅಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಕ್ಲೋನ್‌ಜಿಲ್ಲಾ ಅನ್ನುವ ಉಚಿತ ಸಾಫ್ಟ್‌ವೇರ್ 500ರಿಂದ 480ಕ್ಕೆ ನೇರ ಕ್ಲೋನ್ ಮಾಡುವುದಿಲ್ಲ. ಮಾರ್ಕೆಟ್‌ನಲ್ಲಿ 480 ಬಹಳ ಸಿಗುತ್ತವೆ, ಆ 20 ಜಿಬಿ ಯಾಕೆ ಅನ್ನಿಸುತ್ತದೆ. ಕ್ಲೋನ್ ಮಾಡುವವರಿಗೆ ಅದು ತಲೆನೋವು.

ಬಿಲ್ ವಿಷಯದಲ್ಲಿ ಗಟ್ಟಿಯಾಗಿ ನಿಲ್ಲಬೇಕು. ‘ಬಿಲ್ ಇಲ್ಲದ ತಗೊಂಡ್ರ ಕಮ್ಮಿ ಆಗ್ತೈತಿ’ ಅಂತ ಇನ್ನೊಂದು ಕಡೆ ಹೇಳಿದ್ದರು. 18 ಪರ್ಸೆಂಟ್ ಜಿಎಸ್‌ಟಿ ಉಳಿಸಲು ಹೋಗಿ ಐದು ವರ್ಷದ ವಾರಂಟಿ ಕಳೆದುಕೊಳ್ಳುವುದು ಯಾವ ಲೆಕ್ಕ? ಜಿಎಸ್‌ಟಿ ಬಿಲ್ ಬರೆಸಿದೆ, ಬಿಲ್ಲಿನಲ್ಲಿ ಡ್ರೈವಿನ ಸೀರಿಯಲ್ ನಂಬರ್ ಹಾಕಿಸಿದೆ. ಡಬ್ಬಿಯ ಸೀಲ್ ನೋಡಿದೆ. ಡಬ್ಬಿ ಮೇಲಿನ ನಂಬರೂ ಡ್ರೈವ್ ಮೇಲಿನ ನಂಬರೂ ಒಂದೇನಾ ಅಂತ ಅಲ್ಲೇ ನಿಂತು ತಾಳೆ ನೋಡಿದೆ. ಮಾಲೀಕರು ಬೇಸರ ಮಾಡಿಕೊಳ್ಳಲಿಲ್ಲ. ‘ನೋಡ್ರಿ, ನೋಡ್ರಿ, ಎಲ್ಲಾರೂ ಹಿಂಗ ನೋಡಿದ್ರ ನಮಗೂ ಚಲೋ’ ಅಂದರು. ಬಿಲ್ಲಿನ ಶಾಯಿ ಕೆಲವು ತಿಂಗಳಲ್ಲಿ ಮಾಸುತ್ತದೆ. ಫೋಟೋ ತೆಗೆದು ಇಮೇಲ್‌ನಲ್ಲಿ ಹಾಕಿಡಿ. ಇನ್ನೊಂದು ನೆನಪಿರಲಿ, ವಾರಂಟಿ ಅಂದರೆ ಡ್ರೈವ್ ಬದಲಿಸಿ ಕೊಡುತ್ತಾರೆ ಅಷ್ಟೇ. ಒಳಗಿನ ಮಾಹಿತಿಗೆ ಯಾವ ಕಂಪನಿಯೂ ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ.

ಜೋಡಿಸುವುದು ಕಷ್ಟದ ಕೆಲಸವಲ್ಲ. ಡೆಸ್ಕ್‌ಟಾಪಿಗೆ ಎರಡೂವರೆ ಇಂಚಿನ ಡ್ರೈವ್ ಕೂರಿಸಲು ಒಂದು ಬ್ರ್ಯಾಕೆಟ್, ಒಂದು ಹೊಸ ಸಾಟಾ ಕೇಬಲ್. ಪವರ್ ಕೇಬಲ್ ಎಸ್‌ಎಂಪಿಎಸ್‌ನಲ್ಲೇ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಇರುತ್ತದೆ. ಒಂದು ಕಡೆ ಮಾತ್ರ ಗಮನ ಬೇಕು. ಎಚ್81 ಚಿಪ್‌ಸೆಟ್‌ನಲ್ಲಿ ನಾಲ್ಕು ಸಾಟಾ ಪೋರ್ಟ್‌ಗೆ ಅವಕಾಶ ಇದ್ದು, ಎರಡು ಮಾತ್ರ ಸೆಕೆಂಡಿಗೆ 6 ಗಿಗಾಬಿಟ್‌ನವು. ಉಳಿದೆರಡು 3 ಗಿಗಾಬಿಟ್. ಬೋರ್ಡ್ ಮೇಲೆ ಸಣ್ಣಗೆ ಬರೆದಿರುತ್ತದೆ, ಟಾರ್ಚ್ ಹಾಕಿ ನೋಡಿ 6ರದ್ದಕ್ಕೇ ಹಾಕಿದೆ. ಬಯೋಸ್‌ನಲ್ಲಿ ಸಾಟಾ ಮೋಡ್ ಎಎಚ್‌ಸಿಐ (ಎಸ್‌ಎಸ್‌ಡಿಗೆ ಹೊಂದುವ ಮೋಡ್) ಇದೆಯಾ ಅಂತ ನೋಡಿಕೊಂಡೆ.

ಕ್ಲೋನ್ ಮಾಡಲಿಲ್ಲ. ಹಳೇ ಡಿಸ್ಕಿನಲ್ಲಿ ಓದಲಾಗದ ಜಾಗಗಳಿದ್ದವು, ಆ ಕೆಟ್ಟದ್ದನ್ನು ಹೊಸದಕ್ಕೆ ತರುವುದು ಬೇಡ ಅಂತ ಅಳಿಯ ಹೇಳಿದ. ವಿಂಡೋಸ್ ಹೊಸದಾಗಿ ಹಾಕಿ, ನುಡಿ, ಪೇಜ್‌ಮೇಕರ್, ಫಾಂಟ್‌ಗಳು, ಪ್ರಿಂಟರ್ ಹೀಗೆ ಒಂದೊಂದೇ ಜೋಡಿಸಿದೆವು. ನಾಲ್ಕನೇ ತಲೆಮಾರಿನ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಬ್ಯಾಂಕ್ ಕೆಲಸ ಈ ಕಂಪ್ಯೂಟರಿನಲ್ಲಿ ಮಾಡುವುದಿಲ್ಲ, ಪುಟ ಕಟ್ಟುವುದಕ್ಕೆ ಮಾತ್ರ. ಡ್ರೈವ್ 500 ಜಿಬಿಯದ್ದಾದರೂ ವಿಂಡೋಸ್ 465 ತೋರಿಸಿತು. ಅದು ಮೋಸವಲ್ಲ. ಕಂಪನಿ ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ, ವಿಂಡೋಸ್ 1,024ರ ಲೆಕ್ಕದಲ್ಲಿ.

ಕೆಲಸದ ಫೈಲ್ ಹಾಕುವ ಮುಂಚೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಸಾಫ್ಟ್‌ವೇರ್ ಓಡಿಸಿದೆ. ಅದು ಖಾಲಿ ಜಾಗವನ್ನೆಲ್ಲಾ ತುಂಬಿ, ಮತ್ತೆ ಓದಿ, ಬರೆದದ್ದೇ ವಾಪಸ್ ಬಂತಾ ಅಂತ ನೋಡುತ್ತದೆ. ನಕಲಿ ಡ್ರೈವ್‌ಗಳು ಇಲ್ಲಿ ಸಿಕ್ಕಿಬೀಳುತ್ತವೆ. ಹೊರಗೆ ದೊಡ್ಡ ಅಂಕಿ, ಒಳಗೆ ಸಣ್ಣ ಚಿಪ್ ಇರುತ್ತದೆ. ಒಂದು ಸಲ ಪೂರ್ತಿ ತುಂಬಿದರೆ ಅರ್ಧ ಟೆರಾಬೈಟ್ ಅಷ್ಟೇ, ಟಿಬಿಡಬ್ಲ್ಯೂ 300ರಲ್ಲಿ ಅದು ಲೆಕ್ಕಕ್ಕೇ ಇಲ್ಲ. ಟ್ರಿಮ್ ನಡೆಯುತ್ತಿದೆಯಾ ಅಂತಲೂ ನೋಡಬೇಕು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಫ್‌ಎಸ್‌ಯುಟಿಲ್ ಆದೇಶದಿಂದ ‘ಡಿಸೇಬಲ್ ಡಿಲೀಟ್ ನೋಟಿಫೈ’ ಕೇಳಿದಾಗ ಸೊನ್ನೆ ಬಂದರೆ ಟ್ರಿಮ್ ಚಾಲೂ ಇದೆ. ನಮ್ಮದು ಸೊನ್ನೆ ಬಂತು. ಮೆಜಿಷಿಯನ್ ಹಾಕಿ ಫರ್ಮ್‌ವೇರ್ ಹೊಸದೇ ಇದೆ ಅಂತ ಖಾತ್ರಿ ಮಾಡಿಕೊಂಡೆ.

ಕಂಪ್ಯೂಟರ್ ಈಗ ಹೇಗಿದೆ ಅಂದರೆ, ಹೆಚ್ಚು ಹೇಳುವ ಅಗತ್ಯವೇ ಇಲ್ಲ. ಆನ್ ಮಾಡಿ ಕುರ್ಚಿ ಸರಿ ಮಾಡಿಕೊಳ್ಳುವಷ್ಟರಲ್ಲಿ ಸಿದ್ಧ. ಫೋಟೋ ತುಂಬಿದ ಸಂಚಿಕೆಯ ಫೈಲ್ ನಿಲ್ಲದೆ ತೆರೆಯುತ್ತದೆ.

ಕರೆಂಟಿನ ವಿಷಯ ಹೇಳಲೇಬೇಕು. ಮುಂಗಾರಿಗೆ ಮುಂಚಿನ ಗಾಳಿ-ಗುಡುಗಿನ ದಿನಗಳಲ್ಲಿ ನಮ್ಮ ಓಣಿಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಡಾಟಾ ಸೆಂಟರಿನ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ಹೋದ ಕ್ಷಣ ಕೆಲಸ ಮುಗಿಸಲು ಕೆಪ್ಯಾಸಿಟರ್‌ಗಳಿರುತ್ತವೆ. ಮನೆ ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಆ ಪೂರ್ತಿ ರಕ್ಷಣೆ ಇರುವುದಿಲ್ಲ. ಯಾವ ತುಂಡು ಎಲ್ಲಿದೆ ಅನ್ನುವ ಆ ಪಟ್ಟಿ ಬರೆಯುವಾಗಲೇ ಕರೆಂಟ್ ಹೋದರೆ ಅಪಾಯ. ನಮ್ಮ ಯುಪಿಎಸ್‌ನ ಬ್ಯಾಟರಿ ಹಳೆಯದಾಗಿತ್ತು, ಡ್ರೈವ್ ಹಾಕಿದ ವಾರದಲ್ಲೇ ಅದನ್ನೂ ಬದಲಿಸಿದೆ. ಸ್ಮಾರ್ಟ್ ಪಟ್ಟಿಯಲ್ಲಿ 235ನೇ ಸಾಲು ಇದೆ, ಪಿಒಆರ್ ರಿಕವರಿ ಕೌಂಟ್ ಅಂತ. ಸರಿಯಾಗಿ ಶಟ್‌ಡೌನ್ ಆಗದೆ ಕರೆಂಟ್ ಕಡಿದ ಸಲಗಳನ್ನು ಸ್ಯಾಮ್ಸಂಗ್ ಸಾಟಾ ಡ್ರೈವ್ ಅಲ್ಲಿ ಎಣಿಸಿಡುತ್ತದೆ. ತಿಂಗಳ ಕೊನೆಗೆ ಅದನ್ನು, ಒಟ್ಟು ಬರೆದ ಜಿಬಿಯನ್ನು ನೋಡಿ ಡೈರಿಯಲ್ಲಿ ಬರೆದಿಡುತ್ತೇನೆ.

ಹಳೇ ಸಂಚಿಕೆಗಳ ಕಾಪಿ ಇನ್ನೊಂದು ಎಸ್‌ಎಸ್‌ಡಿಯಲ್ಲಿ ಹಾಕಿ ಕಪಾಟಿನಲ್ಲಿ ಇಡಬಹುದಲ್ಲ ಅಂತ ಮನೆಯಾಕೆ ಕೇಳಿದಳು. ಬೇಡ ಅಂದೆ. ಚಿಪ್‌ಗಳಿಗೆ ಮಾನದಂಡ ಬರೆಯುವ ಜೆಡೆಕ್ ಸಂಸ್ಥೆಯ ಪ್ರಕಾರ ಮನೆ ಬಳಕೆಯ ಎಸ್‌ಎಸ್‌ಡಿ ತನ್ನ ಬರೆಯುವ ಆಯುಷ್ಯ ಮುಗಿಸಿದ ಮೇಲೂ ಕರೆಂಟ್ ಇಲ್ಲದೆ, 30 ಡಿಗ್ರಿ ಉಷ್ಣದಲ್ಲಿ, ಒಂದು ವರ್ಷ ಮಾಹಿತಿ ಹಿಡಿದಿಡಬೇಕು. ಹೊಸ ಡ್ರೈವ್ ಅದಕ್ಕಿಂತ ಹೆಚ್ಚು ಕಾಲ ಇಡುತ್ತದೆ. ಆದರೆ ಬಿಸಿ ಹೆಚ್ಚಾದಂತೆ ಚಾರ್ಜ್ ಬೇಗ ಸೋರುತ್ತದೆ, ನಮ್ಮ ಏಪ್ರಿಲ್-ಮೇ ತಿಂಗಳ ಕಪಾಟು 30 ಡಿಗ್ರಿಯಲ್ಲಿ ಇರುತ್ತದೆಯೇ? ವರ್ಷಗಟ್ಟಲೆ ಮುಟ್ಟದೆ ಇಡುವುದಕ್ಕೆ ಹಾರ್ಡ್ ಡಿಸ್ಕೇ ಇರಲಿ. ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಒಂದು ಕಾಪಿ, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇನ್ನೊಂದು.

ಈಗ ಪ್ರೆಸ್ಸಿನ ಮಾಲೀಕರೂ ತಮ್ಮ ಲ್ಯಾಪ್‌ಟಾಪಿಗೆ ಹೀಗೇ ಒಂದು ಆರಿಸಿ ಕೊಡಿ ಅಂದಿದ್ದಾರೆ. ಬಿಚ್ಚಿ ನೋಡಿದರೆ ಎಂ.2 ಸ್ಲಾಟ್ ಇದೆ, ಆದರೆ ಮಾಮೂಲಿ 2280 ಅಲ್ಲ, 2242. ಅಂದರೆ 80 ಮಿಲಿಮೀಟರ್ ಉದ್ದದ ಪಟ್ಟಿಗೆ ಅಲ್ಲಿ ಜಾಗ ಇಲ್ಲ, 42ರದ್ದೇ ಬೇಕು. ಎಂ.2 ಆಕಾರದಲ್ಲಿ ಸಾಟಾ ಡ್ರೈವೂ ಬರುತ್ತದೆ, ಎನ್‌ವಿಎಂಇಯೂ ಬರುತ್ತದೆ. ಸ್ಲಾಟ್ ಯಾವುದನ್ನು ಒಪ್ಪುತ್ತದೆ ಅಂತ ಲ್ಯಾಪ್‌ಟಾಪಿನ ಮ್ಯಾನ್ಯುಯಲ್ ನೋಡಿ ಖಾತ್ರಿ ಮಾಡಿಕೊಂಡೆವು, ಎನ್‌ವಿಎಂಇ. 2242ರಲ್ಲಿ ಟಿಎಲ್‌ಸಿ ಇದ್ದು ಐದು ವರ್ಷ ವಾರಂಟಿ ಇರುವುದು ಕಮ್ಮಿ. ಹುಬ್ಬಳ್ಳಿಯ ಆ ಸಣ್ಣ ಅಂಗಡಿಯವರಿಗೆ ಹೇಳಿಟ್ಟಿದ್ದೇನೆ, ಬಂದ ಕೂಡಲೇ ಫೋನ್ ಮಾಡುತ್ತೇನೆ ಅಂದಿದ್ದಾರೆ.